ಕಬ್ಬಿನ ಗದ್ದೆಯ ಸೀತೆ

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅಮೆರಿಕದ ರಿಚ್‌ಮಂಡ್ ಹಿಲ್‌ನ ಪುಟ್ಟ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುವುದು ಹಂಸಿನಿಯ ಪಾಲಿನ ಕೆಲಸ. ಸಂಬಳವಿಲ್ಲ. ಆದರೂ ವಾರವಿಡೀ ಅವಳು ಕಾಯುತ್ತಿದ್ದುದು ಆ ಒಂದು ಗಂಟೆಗೆ. ಕನ್ನಡದವರೇ ಸುತ್ತ ಇದ್ದ ಪ್ಲೇನ್ಸ್‌ಬರೋ ಬಿಟ್ಟು ಇಲ್ಲಿಗೆ ಬಂದ ಮೇಲೆ ಅವಳನ್ನು ಹೆಸರು ಹಿಡಿದು ಕರೆಯುವವರೆಂದರೆ ಗಂಡ ಮತ್ತು ಆ ಮಕ್ಕಳು, ಅಷ್ಟೇ.

ಬೀದಿಯಲ್ಲಿ ಹೆಚ್ಚಿನವರು ಗಯಾನಾದವರು. ಹಿಂದೆಂದೋ ಅಲ್ಲಿಗೆ ಕಬ್ಬು ಕಡಿಯಲು ಹಡಗು ಹತ್ತಿ ಹೋದ ಭಾರತೀಯರ ಮೊಮ್ಮಕ್ಕಳ ಮೊಮ್ಮಕ್ಕಳು. ನೋಡಲು ನಮ್ಮವರಂತೆಯೇ, ಬಾಯಿ ತೆರೆದರೆ ಕೆರಿಬಿಯನ್ ಇಂಗ್ಲಿಷು.

ಆ ಶನಿವಾರ ಮಕ್ಕಳು ಹಂಸಿನಿಯ ಬಳಿ ಬರಲೇ ಇಲ್ಲ. ಕಿಟಕಿಯ ಪಕ್ಕ ದೇವಮ್ಮನನ್ನು ಮುತ್ತಿಕೊಂಡಿದ್ದರು. ಎಪ್ಪತ್ತೆಂಟರ ದೇವಮ್ಮ ಆ ಬೀದಿಗೆ ಮೊದಲು ಬಂದವರಲ್ಲಿ ಒಬ್ಬಳು. ಬೀದಿಯ ಚರಿತ್ರೆಯನ್ನು ರೆಕಾರ್ಡ್ ಮಾಡಬೇಕೆಂದು ಹೊರಟ ಲೈಬ್ರರಿಯವರು ಅವಳನ್ನೇ ಮೊದಲು ಕರೆದಿದ್ದರು. ಮೈಕಿನ ಮುಂದೆ ಕೂರುವ ಮೊದಲು ಅವಳು ಮಕ್ಕಳಿಗೊಮ್ಮೆ ಹೇಳಿ ನೋಡುತ್ತಿದ್ದಳು.

“ಸೀತೆ ಕಬ್ಬು ಕಡೀತಿದ್ಲು. ಗರಿ ತಾಗಿ ಕೈಯೆಲ್ಲ ರಕ್ತ. ಹನುಮಂತ ಮೆಲ್ಲಗೆ ಬಂದು, ‘ಅಮ್ಮಾ, ರಾಮ ಕಳಿಸಿದಾನೆ’ ಅಂದ. ಸೀತೆ ಏನಂದ್ಲು ಗೊತ್ತಾ? ‘ಶ್! ಮೇಸ್ತ್ರಿ ಕುದುರೆ ಮೇಲೆ ಬರ್ತಿದಾನೆ, ಬಗ್ಗು!’”

ಮಕ್ಕಳೆಲ್ಲ ಬಗ್ಗಿದರು. ಹಂಸಿನಿ ಎಷ್ಟು ಹೇಳಿದರೂ ಕೂತಲ್ಲಿ ಕೂರದ ಅನುಷ್ಕಾ ನೆಲಕ್ಕೆ ಹಣೆ ಹಚ್ಚಿದ್ದಳು. ಹಂಸಿನಿಯ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಕಥೆ ಮುಗಿಸಿ ದೇವಮ್ಮನೇ ಹತ್ತಿರ ಬಂದಳು. “ನೀನು ಇಂಡಿಯಾದ ಹುಡುಗಿ, ನಿಂಗೆ ಗೊತ್ತಿರುತ್ತೆ. ಸರಿಯಾಗಿ ಹೇಳಿದ್ನಾ?”

“ಚೆನ್ನಾಗೇನೋ ಹೇಳ್ತೀರಿ ಆಂಟಿ,” ಎಂದು ಹಂಸಿನಿ ನಕ್ಕಳು. “ಆದ್ರೆ ಈ ಕಬ್ಬು, ಮೇಸ್ತ್ರಿ... ರಾಮಾಯಣದಲ್ಲಿ ಇದೆಲ್ಲ ಇಲ್ಲವೇ ಇಲ್ಲ. ನಮ್ಮ ಕಡೆ ಯಾರೂ ಹೀಗೆ ಹೇಳಲ್ಲ. ರೆಕಾರ್ಡ್ ಆದ್ಮೇಲೆ ಕೇಳಿದವರು ನಗ್ತಾರೇನೋ.”

“ನಮ್ಮ ಮುತ್ತಜ್ಜಿ ಹೇಳಿದ್ದು. ಮದ್ರಾಸಿನಿಂದ ಬಂದೋಳು, ಕಬ್ಬು ಕಡಿದೇ ಸತ್ಲು. ಓದು ಬರ್ತಿರ್ಲಿಲ್ಲ,” ಎಂದು ದೇವಮ್ಮ ಚೀಲ ಎತ್ತಿಕೊಂಡಳು.

ಮುಂದಿನ ವಾರ ಅವಳು ಬರಲಿಲ್ಲ. ತಪ್ಪು ಕಥೆ ಇಟ್ಟುಕೊಂಡು ಏನು ಮಾಡ್ತೀರಿ, ಇಂಡಿಯಾದ ಹುಡುಗೀನ ಕೇಳಿ ಎಂದು ರೆಕಾರ್ಡಿಂಗನ್ನೂ ಬಿಟ್ಟಳಂತೆ. ಹಂಸಿನಿ ಆ ಸುದ್ದಿಯನ್ನು ಗಂಡ ಅನಿರುದ್ಧ್‌ಗೆ ಉಬ್ಬಿಕೊಂಡೇ ಹೇಳಿದಳು.

ಅವನು ತಿಂಡಿ ತಿನ್ನುತ್ತ ಕೇಳಿದ: “ಜಸ್ಟ್ ಕೇಳ್ತೀನಿ. ಸೀತೆ ಮಾಡಿದ ಮುದ್ದೆ ಗಂಟಾಯ್ತು ಅಂತ ರಾಮ ಮುನಿಸಿಕೊಂಡ ಅಂತಿದ್ರಂತಲ್ಲ ನಿಮ್ಮಜ್ಜಿ, ಅದು ಯಾವ ಕಾಂಡದಲ್ಲಿ ಬರುತ್ತೆ?”

“ಅದು ಬೇರೆ!”

“ಹೆಂಗೆ ಬೇರೆ?”

“ಅಜ್ಜಿ ದಿನಾ ಮುದ್ದೆ ಮಾಡೋಳು ಕಣೋ, ಅದಕ್ಕೇ...”

ಅವಳು ತಟ್ಟೆ ಬಿಟ್ಟು ಎದ್ದು ಕೋಟು ಹಾಕಿಕೊಂಡಳು.

ದೇವಮ್ಮ ಬಾಗಿಲು ತೆರೆದಳು. ಒಳಗೆ ಬಾ ಎನ್ನಲಿಲ್ಲ.

“ಆಂಟಿ, ನಿಮ್ಮ ಕಥೆ ತಪ್ಪಲ್ಲ. ಮಕ್ಕಳೆಲ್ಲ ನಿಮ್ಮ ಹತ್ರ ಹೋದ್ರಲ್ಲ, ನಂಗೆ ಹೊಟ್ಟೆಕಿಚ್ಚಾಯ್ತು. ಅದಕ್ಕೆ ಹಾಗಂದೆ.”

“ನಿನ್ನ ಹೊಟ್ಟೆಕಿಚ್ಚಿಗೆ ನಮ್ಮ ಮುತ್ತಜ್ಜೀನ ಸುಳ್ಳುಗಾತಿ ಮಾಡಿದ್ಯಾ?”

“ಹೌದು ಆಂಟಿ, ತಪ್ಪಾಯ್ತು. ರೆಕಾರ್ಡಿಂಗಿಗೆ ಬನ್ನಿ.”

“ಈಗ ಹೇಳೋಕೆ ಹೋದ್ರೆ ಗದ್ದೆ ಬಂದ ಕೂಡ್ಲೇ ಬಾಯಿ ಕಟ್ಟುತ್ತೆ. ನಿನ್ನ ನಗು ಕೇಳಿಸುತ್ತೆ.” ದೇವಮ್ಮ ಅವಳತ್ತ ಬೆರಳು ತೋರಿದಳು. “ಬರ್ತೀನಿ. ಆದ್ರೆ ನೀನು ನನ್ನ ಎದುರಿಗೇ ಕೂರ್ಬೇಕು.”

ರೆಕಾರ್ಡಿಂಗಿನ ದಿನ ಹಂಸಿನಿ ಮಕ್ಕಳ ನಡುವೆ ನೆಲದ ಮೇಲೆ ಕೂತಳು. ದೇವಮ್ಮ ಶುರು ಮಾಡಿದಳು. ಹನುಮಂತ ಸಮುದ್ರ ದಾಟಿದ, ದಡ ಬಂತು. ಕಥೆ ಗದ್ದೆಯ ಅಂಚಿಗೆ ಬಂದದ್ದೇ ದೇವಮ್ಮ ನಿಂತುಬಿಟ್ಟಳು. ತುಟಿ ಅಲುಗಿತು, ದನಿ ಬರಲಿಲ್ಲ. ಮೈಕು ಹಿಡಿದವನು ಗಡಿಯಾರ ನೋಡಿದ.

ಕೇಳುವವರು ಹೂಂಗುಟ್ಟದೆ ಹಂಸಿನಿಯ ಅಜ್ಜಿ ಎಂದೂ ಕಥೆ ಮುಂದುವರಿಸಿದವಳಲ್ಲ.

“ಹೂಂ,” ಎಂದಳು ಹಂಸಿನಿ.

ದೇವಮ್ಮ ಅವಳತ್ತ ನೋಡಿದಳು.

“ಹೂಂ, ಆಂಟಿ. ಆಮೇಲೆ?”

ಏನೆಂದು ತಿಳಿಯದಿದ್ದರೂ ಅನುಷ್ಕಾ ತಾನೂ “ಹೂಂ” ಎಂದಳು. ಪಕ್ಕದವರೂ ಎಂದರು. ದೇವಮ್ಮ ದೀರ್ಘವಾಗಿ ಉಸಿರೆಳೆದುಕೊಂಡು ಸೀತೆಯನ್ನು ಗದ್ದೆಗೆ ಇಳಿಸಿದಳು.