ಕುಡಿಯುವ ನೀರಿನ ಡ್ರಮ್ಮು

ಮುಚ್ಚಿಹೋದ ಗೋಡೌನಿನವರು ಹಳೆಯ ಕೀಟನಾಶಕದ ಡ್ರಮ್ಮುಗಳನ್ನು ಊರ ಕೆರೆಯ ದಂಡೆಯಲ್ಲಿ ಹೂತು ಕೈತೊಳೆದುಕೊಂಡಿದ್ದರು. ಮೊದಲು ಮೀನು ಸತ್ತು ತೇಲಿದವು, ಆಮೇಲೆ ಎಮ್ಮೆಗಳು ಬಿದ್ದವು. ಸೊರಬದ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಯಿತೇ ಹೊರತು ಒಬ್ಬ ಸಾಹೇಬನೂ ಇತ್ತ ತಲೆ ಹಾಕಲಿಲ್ಲ. ಕೊನೆಗೆ ಊರವರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುದ್ದಲಿ ಹಿಡಿದರು.

ಅಲ್ಲಿಯ ಬಾವಿ ನೀರನ್ನು ಯಾರೂ ಕುಡಿಯಬಾರದೆಂದು ವನಜಮ್ಮ ತನ್ನ ಮನೆಯ ಡ್ರಮ್ಮಿನಲ್ಲೇ ನೀರು ತುಂಬಿಸಿ ಗಾಡಿಯಲ್ಲಿ ತಂದಿದ್ದಳು. ಗಂಡ ಚೌಡಪ್ಪ ಆನವಟ್ಟಿ ಸಂತೆಯಲ್ಲಿ ಅಗ್ಗಕ್ಕೆ ಕೊಂಡ ಡ್ರಮ್ಮು ಅದು. ತರುವಾಗಲೇ ಹೊರಮೈಗೆ ಕೆಮ್ಮಣ್ಣು ಬಳಿದಿದ್ದ. ಪ್ರತಿ ವರ್ಷ ನೀರು ತುಂಬುವ ಹಬ್ಬಕ್ಕೆ ಅವಳು ಅದರ ಮೇಲೆಯೇ ಇನ್ನೊಂದು ಪದರ ಬಳಿದು, ಸುಣ್ಣದ ಗೆರೆ ಎಳೆದು, ಪೂಜೆ ಮಾಡುತ್ತಿದ್ದಳು.

ಗುಂಡಿಯಿಂದ ಮೊದಲ ಡ್ರಮ್ಮು ಮೇಲೆ ಬಂತು. ಕೆಸರು ಜಾರಿದಾಗ ಎರಡು ಉಬ್ಬು ಪಟ್ಟಿಗಳ ನಡುವೆ ತಲೆಬುರುಡೆಯ ಚಿತ್ರ ಕಂಡಿತು. ಕೆಮ್ಮಣ್ಣು ಬಳಿಯುವಾಗ ಅಂಥವೇ ಉಬ್ಬುಗಳ ಮೇಲೆ ಎಷ್ಟು ಸಲ ವನಜಮ್ಮನ ಕೈ ಆಡಿತ್ತು! ಗಾಡಿಯ ಬಳಿ ಬಂದು ತನ್ನ ಡ್ರಮ್ಮಿನ ಕೆಮ್ಮಣ್ಣನ್ನು ಉಗುರಿನಿಂದ ಕೆರೆದಳು. ಕಪ್ಪು ಕಣ್ಣುಗುಳಿಯೊಂದು ಮೂಡಿತು, ಆಮೇಲೆ ಹಲ್ಲಿನ ಸಾಲು.

ಗುಂಡಿಯೊಳಗಿದ್ದ ಚೌಡಪ್ಪ ಅದನ್ನು ಕಂಡು ಬಿಳಿಚಿಕೊಂಡ.

"ಸೀಗೆಕಾಯಿ ಹಾಕಿ ತೊಳ್ದಿದ್ದೆ ಕಣೇ," ಎಂದ ಮೆಲ್ಲಗೆ.

ಬೆಳಿಗ್ಗೆ ಮೊಮ್ಮಗಳು ಕುಡಿದದ್ದೂ ಇದೇ ನೀರು. ವನಜಮ್ಮ ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಹಿರಿಯ ಪರಮಶಿವಪ್ಪ ಖಾಲಿ ಚೊಂಬು ಚಾಚಿದರು.

"ನಿಮ್ಮನೆ ನೀರು ಭಾಳ ತಂಪೈತಿ ತಂಗೀ, ಇನ್ನೊಂದ್ ಚೊಂಬು ಕೊಡು."

ಅವರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.