ಐವತ್ತೆಂಟು ಕಿಲೋ

ಬೆಲ್ಲದ ಪಾಕ ಒಮ್ಮೆ ಹದಕ್ಕೆ ಬಂದರೆ ಆಮೇಲೆ ಯಾರನ್ನೂ ಕಾಯುವುದಿಲ್ಲ. ಅದಕ್ಕೇ ರೇಣು ಆ ಹೊತ್ತಿನಲ್ಲಿ ಫೋನು ಎತ್ತುತ್ತಿರಲಿಲ್ಲ, ಬಾಗಿಲಿಗೂ ಹೋಗುತ್ತಿರಲಿಲ್ಲ. ಪಂಚಮಿಯ ಬೆಳಿಗ್ಗೆ, ಪುಣೆಯ ಕೊಂಢವಾ ಬಡಾವಣೆಯ ಮನೆಯಲ್ಲಿ ಅಡುಗೆಕಟ್ಟೆಯ ಮುಂದೆ ಎತ್ತರದ ಸ್ಟೂಲು ಹಾಕಿಕೊಂಡು ಕೂತು, ಶೇಂಗಾದ ಪುಡಿಗೆ ಪಾಕ ಸುರಿದು, ಅಂಗೈಗೆ ತುಪ್ಪ ಸವರಿಕೊಂಡು ನಾಲ್ಕು ಉಂಡೆ ಕಟ್ಟಿದ್ದಳು. ನಿಂತು ಕಟ್ಟಲು ಮೊಣಕಾಲು ಕೇಳುತ್ತಿರಲಿಲ್ಲ. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಐದನೆಯ ಉಂಡೆಗೆ ಕೈ ಹಾಕುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

"ಅನ್ನೂ, ಯಾರಂತ ನೋಡವಾ."

ಹತ್ತು ವರ್ಷದ ಅನುಜಾ ಓಡಿಹೋಗಿ ಓಡಿಬಂದಳು. "ಕುರಿಯರ್ ಅವ್ವಾ. ನಿನ್ನ ಸಹೀನ ಬೇಕಂತ."

"ಐದ ನಿಮಿಷ ನಿಂದ್ರು ಅನ್ನು."

"ನಿಂದ್ರೂದಿಲ್ಲಂತ."

ರೇಣು ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕುರಿಯರಿನವನು "ಲವಕರ್ ಕರಾ, ಮ್ಯಾಡಮ್" ಎಂದು ಮರಾಠಿಯಲ್ಲಿ ಅವಸರ ಮಾಡುತ್ತ ಒಂದು ಕಾಲು ಆಗಲೇ ಮೆಟ್ಟಿಲ ಮೇಲೆ ಇಟ್ಟಿದ್ದ. ಅವಳು ತನ್ನ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡಿ ಲಕೋಟೆ ತೆಗೆದುಕೊಂಡಳು. ವಿಮಾ ಕಂಪನಿಯದು. ಮಂಜೂರಿ ಬಂತು ಎಂದುಕೊಂಡಳು.

ಆಪರೇಶನ್ನು ಬುಧವಾರಕ್ಕೆ ಗೊತ್ತಾಗಿತ್ತು. ಇನ್ನು ನಾಲ್ಕೇ ದಿನ. ಕ್ಯಾಂಪ್ ಬಡಾವಣೆಯ ಆಸ್ಪತ್ರೆಯಲ್ಲಿ ಶಾಮಲಾ ಡಾಕ್ಟರರು ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದ ದಿನ ಅದು ನೂರಾ ಹನ್ನೆರಡು ತೋರಿಸಿತ್ತು. ನರ್ಸು ಅದನ್ನು ಗಟ್ಟಿಯಾಗಿ ಕೂಗಿ ಹೇಳಿದಾಗ ಗಂಡ ಸಿದ್ದಾರೂಢ ಎದ್ದು ಹೊರಗೆ ಹೋಗಿಬಿಟ್ಟಿದ್ದ. ಪಾಪ, ನನ್ನ ಕಷ್ಟ ನೋಡಲಾರರು ಎಂದು ರೇಣು ಮರುಗಿದ್ದಳು. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿರಲಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಶನ್ ಒಂದೇ ದಾರಿ, ತಡ ಮಾಡಿದರೆ ಹೃದಯ ತಡೆಯುವುದಿಲ್ಲ ಎಂದಿದ್ದರು ಡಾಕ್ಟರು.

ತೂಕ ಇಳಿಸುವುದಕ್ಕೆ ಕಂಪನಿ ದುಡ್ಡು ಕೊಡುವುದಿಲ್ಲ ಎಂದು ಮೊದಲೇ ಗೊತ್ತಿತ್ತು. "ಚಂದ ಕಾಣೋದಕ್ಕೆ ಅಲ್ಲ, ಜೀವಕ್ಕೆ ಅಂತ ನಾನು ಬರೆದುಕೊಡ್ತೀನಿ. ಉಳಿದ ಕಾಗದ ನೀವು ಕೂಡಿಸಿ" ಎಂದು ಡಾಕ್ಟರು ಧೈರ್ಯ ಕೊಟ್ಟಿದ್ದರು. ರೇಣು ಎರಡು ತಿಂಗಳು ಕೂಡಿಸಿದಳು. ನಿದ್ದೆಯ ಪರೀಕ್ಷೆಯ ವರದಿ, ರಕ್ತದ ವರದಿ, ಹಳೆಯ ಚೀಟಿಗಳು. ಕಂಪನಿಯ ಆಫೀಸಿನಲ್ಲಿ ಲಿಫ್ಟು ಕೆಟ್ಟಿದ್ದ ದಿನ ಮೂರು ಮಹಡಿ ಹತ್ತಿ, ಪ್ರತಿ ತಿರುವಿನಲ್ಲೂ ಕೂತು ಎದ್ದು ಹೋದಳು. ಜೀವಕ್ಕೆ ಅಪಾಯವಿದೆ ಎಂದು ಸಾಬೀತಾದರೆ ನೋಡೋಣ ಎಂದಿದ್ದರು ಅಲ್ಲಿಯ ಸಾಹೇಬರು. ಆ ನೋಡೋಣವನ್ನೇ ಹಿಡಿದುಕೊಂಡು ಈ ವಾರವೆಲ್ಲ ಡಾಕ್ಟರು ಹೇಳಿದ ಹಾಗೆ ಮಜ್ಜಿಗೆ, ಬೇಳೆಯ ತಿಳಿನೀರು ಮಾತ್ರ ಕುಡಿಯುತ್ತಿದ್ದಳು. ಇವತ್ತಿನ ಉಂಡೆಯ ಸಿಹಿ ನೋಡಿದವಳೂ ಅನುಜಾ.

ಪತ್ರ ಇಂಗ್ಲಿಷಿನಲ್ಲಿತ್ತು. ಸಿದ್ದಾರೂಢ ಸ್ನಾನಕ್ಕೆ ಹೋಗಿದ್ದ. ಅನುಜಾ ಸಾಲಿನ ಕೆಳಗೆ ಬೆರಳಿಟ್ಟು ಓದಿ ಓದಿ ಹೇಳಿದಳು.

"ಫಾರ್ಮ್ ತುಂಬೂ ಮುಂದ ಖರೇ ಸಂಗತಿ ಮುಚ್ಚಿಟ್ಟೀರಿ ಅಂತ ಬರದಾರ. ಆಪರೇಶನ್ನಿಗೆ ಕೊಡೂದಿಲ್ಲಂತ. ಪಾಲಿಸೀನೂ ರದ್ದ ಮಾಡ್ಯಾರಂತವ್ವಾ."

"ನಾ ಏನ ಮುಚ್ಚಿಟ್ಟೆ? ಸರಿಯಾಗಿ ಓದವಾ."

ಪತ್ರದ ಹಿಂದೆ ಹೋದ ವರ್ಷದ ಫಾರ್ಮಿನ ಜೆರಾಕ್ಸ್ ಇತ್ತು. ಕಾಯಿಲೆಗಳ ಮನೆಯಲ್ಲಿ ಏನೂ ಇಲ್ಲ ಎಂದು ಬರೆದಿತ್ತು. ತೂಕದ ಮನೆಯಲ್ಲಿ ಐವತ್ತೆಂಟು ಕಿಲೋ. ಕೆಳಗೆ ರೇಣುವಿನ ಸಹಿ. ಸಹಿಯ ಪಕ್ಕದಲ್ಲಿ ಒಂದು ಕಪ್ಪು ಮಚ್ಚೆ. ಅದು ಕುಂಕುಮ ಎಂದು ಅವಳೊಬ್ಬಳಿಗೇ ಗೊತ್ತಾಗುವಂಥದ್ದು.

ಅನುಜಾ ಐವತ್ತೆಂಟರ ಮೇಲೆ ಬೆರಳಿಟ್ಟವಳು ಹಾಗೇ ನಿಂತಳು. ಬಾಯಿ ತೆರೆದಳು.

"ಏನವಾ?"

"ಏನಿಲ್ಲ."

ರೇಣು ಅಡುಗೆಮನೆಗೆ ಮರಳಿದಾಗ ಪರಾತದಲ್ಲಿ ಪಾಕ ಬಿಗಿದು ಹಾಸುಗಲ್ಲಾಗಿತ್ತು. ಒಲೆ ಹಚ್ಚಿ ಮತ್ತೆ ಬಿಸಿ ಮಾಡಬಹುದಿತ್ತು. ಅವಳು ಒರಳಿನ ಗುಂಡುಕಲ್ಲು ತೆಗೆದುಕೊಂಡು ಒಡೆದಳು.

ಹೋದ ಪಂಚಮಿಯ ದಿನ ಕಣ್ಣ ಮುಂದೆ ಬಂತು. ಪಂಚಮಿಗೆ ತಮ್ಮ ಬರಬೇಕು, ಅಕ್ಕ ಕಟ್ಟಿದ ಉಂಡೆ ತಿನ್ನಬೇಕು, ಉಡಿಗೆ ಸೀರೆ ಹಾಕಬೇಕು. ಊರು ಬಿಟ್ಟು ಪುಣೆಗೆ ಬಂದ ಮೇಲೂ ಅವಳ ತಮ್ಮ ಮಾಂತು ಒಂದು ವರ್ಷವೂ ತಪ್ಪಿಸಿದವನಲ್ಲ. ಆಗಷ್ಟೇ ವಿಮಾ ಏಜೆಂಟನಾಗಿದ್ದ. "ಈ ಸಲ ಸೀರಿ ಅಲ್ಲಕ್ಕಾ, ಪಾಲಿಸಿ. ಮೊದಲನೇ ಕಂತು ನಂದು. ಸೀರಿ ಹರದ್ಹೊಕ್ಕದ, ಇದು ಹರಿಯೂದಿಲ್ಲ" ಎಂದು ಖಾಲಿ ಫಾರ್ಮನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದ. ತವರಿನ ಉಡುಗೊರೆಯನ್ನು ಹೇಗೆ ತೆಗೆದುಕೊಳ್ಳಬೇಕೋ ಹಾಗೆಯೇ ತೆಗೆದುಕೊಂಡಿದ್ದಳು ರೇಣು. ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಕಣ್ಣಿಗೆ ಒತ್ತಿಕೊಂಡು, ಅವನು ಪೆನ್ಸಿಲ್ಲಿನಿಂದ ಗುರುತು ಮಾಡಿದ ಕಡೆಗೆಲ್ಲ ಸಹಿ ಮಾಡಿದ್ದಳು. ತವರಿನಿಂದ ಬಂದದ್ದನ್ನು ಯಾರಾದರೂ ಬಿಚ್ಚಿ ಪರೀಕ್ಷೆ ಮಾಡುತ್ತಾರೆಯೇ?

ಸಹಿ ಮಾಡಿ ಚಹಾಕ್ಕೆ ಇಡಲು ಒಳಗೆ ಹೋಗಿದ್ದಳು. ಹೊರಗಿನ ಕೋಣೆಯಿಂದ ಭಾವ-ಮೈದುನರ ನಗೆ ಕೇಳಿಸಿತ್ತು. ಮದುವೆಯಲ್ಲಿ ಜಗಳವಾದ ಮೇಲೆ ಸರಿಯಾಗಿ ಮಾತಾಡದವರು, ಅಂತೂ ಕೂಡಿ ನಕ್ಕರಲ್ಲ ಎಂದು ಅವಳಿಗೆ ಎಷ್ಟು ಹಿಗ್ಗು! ಆ ಹಿಗ್ಗಿಗೆ ಚಹಾಕ್ಕೆ ಎರಡು ಯಾಲಕ್ಕಿ ಹೆಚ್ಚು ಹಾಕಿದ್ದಳು.

ಮಧ್ಯಾಹ್ನ ಮಾಂತು ಬಂದ. ಹೆಲ್ಮೆಟ್ಟು ತೆಗೆಯುತ್ತಲೇ ತಟ್ಟೆಗೆ ಕೈ ಹಾಕಿದ.

"ಏನಕ್ಕಾ ಇದು? ಈ ವರ್ಷ ಉಂಡಿ ಕಟ್ಟೂ ಬದಲಿ ರೋಡಿಗೆ ಹಾಕೂ ಖಡಿ ಒಡದಿಟ್ಟೀಯಲ್ಲ!"

"ನಿನ್ನ ಹಲ್ಲ ಗಟ್ಟಿ ಅದಾವ, ತಿನ್ನು" ಎಂದು ರೇಣು ತಟ್ಟೆಯ ಪಕ್ಕದಲ್ಲಿ ಪತ್ರ ಇಟ್ಟಳು.

ಮಾಂತು ಓದಿದ. ಬಾಯಲ್ಲಿದ್ದ ತುಂಡು ಗಲ್ಲದಲ್ಲೇ ಉಳಿಯಿತು.

"ಐವತ್ತೆಂಟು ಎಲ್ಲಿಂದ ತಂದ್ಯೋ?"

"ಅಕ್ಕಾ, ಖರೇ ಬರದ್ರ ಪಾಲಿಸೀನ ಸಿಗತಿದ್ದಿಲ್ಲ. ಡಾಕ್ಟರ್ ಕಡೆ ಕಳಸ್ತಾರ, ನೂರಾಯೆಂಟ ತಕರಾರ ತಗೀತಾರ. ಎಲ್ಲಾ ಏಜೆಂಟರೂ ಹಿಂಗ ಬರೀತಾರ."

"ಎಲ್ಲಾರ ಅಕ್ಕನೂ ನಾನ ಏನಪಾ? ಸಿಗೂದಿಲ್ಲ ಅಂತ ಅವತ್ತ ಹೇಳಿದ್ರ ಸೀರಿ ಉಟಗೊಂಡು ಸುಮ್ಮಿರತಿದ್ದೆ. ಬ್ಯಾರೆ ಹಾದಿ ಹುಡುಕತಿದ್ದೆ. ಕಂಪನಿ ಸಾಹೇಬ್ರ ಮುಂದ ನಿಂತು ನಾ ಒಂದೂ ಸುಳ್ಳ ಹೇಳಿಲ್ರೀ ಅಂತ ಹೇಳಿ ಬಂದೀನಿ. ಅವರ ಮೇಜಿನ ಮ್ಯಾಲ ಈ ಕಾಗದ ಇತ್ತು."

ಮಾಂತು ತಲೆ ತಗ್ಗಿಸಿದ. ಆಗ, ಅಷ್ಟು ಹೊತ್ತು ಮರಾಠಿ ಪೇಪರಿನ ಹಿಂದೆ ಕೂತಿದ್ದ ಸಿದ್ದಾರೂಢ ಪೇಪರು ಮಡಚಿ ಒಗೆದ.

"ಅಲ್ಲಲೇ ಮಾಂತು, ನನ್ನನ್ನರೆ ಒಂದ ಮಾತ ಕೇಳಬೇಕೋ ಬ್ಯಾಡೋ? ಆಕಿ ಗಂಡ ಇಲ್ಲೇ ಕೂತಿದ್ದೆ. ತಿಳಿದ್ಹಂಗ ಬರದು ಆಕಿ ಜೀವಕ್ಕ ಕುತ್ತ ತಂದೀಯಲ್ಲ!"

ರೇಣುವಿಗೆ ಬೆಳಗಿನಿಂದ ಮೊದಲ ಸಲ ಕಣ್ಣು ತುಂಬಿದವು. ತವರು ಕೈ ಬಿಟ್ಟರೂ ಇವರೊಬ್ಬರು ಇದ್ದಾರಲ್ಲ ಎನಿಸಿತು. ಮೂಗು ಒರೆಸಿಕೊಳ್ಳಲು ಸೆರಗು ಎತ್ತಿದಳು.

ಮಾಂತು ಭಾವನ ಮುಖ ನೋಡಿದ. ಎವೆ ಇಕ್ಕದೆ ನೋಡಿದ. ಏನೋ ಹೇಳಲು ಹೊರಟು, ಅಕ್ಕನ ಕಡೆ ತಿರುಗಿ, ಗಲ್ಲದಲ್ಲಿದ್ದ ತುಂಡನ್ನು ನುಂಗಿದ. "ತಪ್ಪ ನಂದ ಅದ" ಎಂದ. ಆ ಮಾತು ಯಾಕೋ ಕಂಠಪಾಠ ಒಪ್ಪಿಸಿದಂತೆ ಕೇಳಿಸಿತು. ರೇಣು ಸೆರಗು ಇಳಿಸಿದಳು. ಗಂಡ ಅವಳನ್ನು ನೋಡುತ್ತಿರಲಿಲ್ಲ. ಒಗೆದ ಪೇಪರನ್ನು ಮತ್ತೆ ಎತ್ತಿಕೊಂಡು, ಅದರ ಮಡಿಕೆಯನ್ನು ಉಗುರಿನಿಂದ ತೀಡಿ ತೀಡಿ ಸರಿಮಾಡುತ್ತಿದ್ದ.

ಅನುಜಾ ತಾಯಿಗೆ ಒತ್ತಿ ನಿಂತಿದ್ದಳು. ಹೋದ ಪಂಚಮಿಯಂದು ಇದೇ ಕೋಣೆಯ ನೆಲದ ಮೇಲೆ ಬೋರಲು ಮಲಗಿ ನಾಗಪ್ಪನ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದವಳು ಅವಳು. ಬೆಳಗಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಈಗ ಇನ್ನು ತಡೆಯದಾಯಿತು.

"ಪಪ್ಪಾ, ಮಾಮಾ ನಿನ್ನ ಕೇಳಿದ್ನಲ್ಲ ಅವತ್ತ? ಅಕ್ಕನ ತೂಕ ಎಷ್ಟ ಬರೀಲಿ ಅಂತ. ನೀನ ಐವತ್ತೆಂಟ ಬರಿ ಅಂದಿ. ಆಮ್ಯಾಲ ಇಬ್ರೂ ಯಾಕ ಅಷ್ಟ ನಕ್ರಿ?"