ಹೊರಗಿನ ವಿಳಾಸ

ಹಸಿರು ದೀಪ ಮಿಣುಕುತ್ತಿದೆ, ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಳಕೆಂದರೆ ಇಷ್ಟೇ, ಆಸ್ಪತ್ರೆಯ ಕರೆಗಳನ್ನು ಇಂಟರ್ನೆಟ್ಟಿಗೆ ದಾಟಿಸುವ ಈ ಫೋನ್ ಗೇಟ್‌ವೇ ಪೆಟ್ಟಿಗೆಯದು, ಮತ್ತೆ ಅದನ್ನು ರಿಪೇರಿ ಮಾಡಲು ಬಂದ ಅವಳ ತೊಡೆಯ ಮೇಲಿನ ಲ್ಯಾಪ್‌ಟಾಪಿನದು — ಮೇಲೆ ಕೌಂಟರಿನ ಹುಡುಗಿ ಆಗಲೇ ಅತ್ತುಬಿಡುವಂತಿದ್ದಳು, ಮೇಡಂ, ಹಲೋ ಹಲೋ ಅಂತ ಬಾಯಿ ಬಡ್ಕೊಳ್ತೀನಿ, ಆ ಕಡೆಯಿಂದ ಉಸಿರೂ ಇಲ್ಲ, ಆಮೇಲೆ ಪೇಷಂಟುಗಳು ಕೆನ್ನೆ ಊದಿಸ್ಕೊಂಡು ಬಂದು ನನಗೇ ಬೈತಾರೆ, ಅಷ್ಟು ಕಿರುಚಿದ್ರೂ ಕೇಳಿಸ್ಲಿಲ್ವಾ, ಕಿವಿ ಇಲ್ವೇನಮ್ಮ ಅಂತ — ಕಿವಿ ಇದೆ ಕಣೆ, ವಿಳಾಸ ಇಲ್ಲ, ಈ ಪೆಟ್ಟಿಗೆ ಹೊರಗಿನವರಿಗೆಲ್ಲ ತನ್ನ ಒಳಗಿನ ವಿಳಾಸವನ್ನೇ ಹೇಳುತ್ತಿದೆ, ಕಟ್ಟಡ ದಾಟಿದರೆ ಅದಕ್ಕೆ ಅರ್ಥವೇ ಇಲ್ಲ, ನಮ್ಮ ಮಾತು ಅವರಿಗೆ ಮುಟ್ಟುತ್ತದೆ, ಅವರ ಮಾತು ಇಲ್ಲದ ಬಾಗಿಲು ಹುಡುಕಿಕೊಂಡು ಹೋಗಿ ಕಳೆದುಹೋಗುತ್ತದೆ. ಪರೀಕ್ಷೆಗೆ ಹೊರಗಿನ ನಂಬರ್ ಬೇಕಿತ್ತು, ತನ್ನ ಮೊಬೈಲಿಗೇ ಮಾಡೋಣವೆಂದರೆ ಇಲ್ಲಿ ಸಿಗ್ನಲ್ ಇಲ್ಲ, ಬಾಯಿಪಾಠ ಇರುವುದು ಒಂದೇ, ಪೆಟ್ಟಿಗೆಗೆ ಜೋಡಿಸಿದ ಫೋನಿನಲ್ಲಿ ಬೆರಳು ಹೇಳದೆ ಕೇಳದೆ ಒತ್ತಿಬಿಟ್ಟಿತು, ಅಕ್ಕನ ಹೊಲಿಗೆ ಅಂಗಡಿ. ಮಾತಾಡಬೇಕಾದರೆ ಅಕ್ಕ ಮೊದಲು ಮಿಷನ್ನಿನ ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸುತ್ತಾಳೆ, ಬೇಡದವರ ಮುಂದೆ ಟಕಟಕ ತುಳಿಯುತ್ತಲೇ ಇರುತ್ತಾಳೆ, ಕಣ್ಣು ಕೂಡ ಎತ್ತುವುದಿಲ್ಲ. ತಾನು ಮನೆ ಬದಲಿಸಿದ್ದನ್ನು ಅಕ್ಕನಿಗೆ ಹೇಳಿರಲಿಲ್ಲ, ಕೆಟ್ಟ ಮನಸ್ಸಿನಿಂದಲ್ಲ, ಹೇಳಿದರೆ ಬಂದು ಪಾತ್ರೆ ಪಡಗ ಎಲ್ಲ ತನ್ನಿಷ್ಟದಂತೆ ಜೋಡಿಸುತ್ತಾಳೆ, ನಾಳೆ ಹೇಳಿದರಾಯಿತು, ನಾಡಿದ್ದು — ಅಷ್ಟರಲ್ಲಿ ಅಕ್ಕ ಹಳೇ ಮನೆಗೆ ಪರದೆ ಹೊಲಿದು ಗಂಟು ಹೊತ್ತು ಬಂದು ಬಾಗಿಲು ತಟ್ಟಿದ್ದಾಳೆ, ಟವಲ್ ಸುತ್ತಿಕೊಂಡ ಯಾರೋ ಗಂಡಸು ತೆರೆದಿದ್ದಾನೆ. ಒಡಹುಟ್ಟಿದವಳ ಮನೆ ಎಲ್ಲಿ ಅಂತ ಟವಲ್ಲಿನವನನ್ನ ಕೇಳೋ ಗತಿ ಬಂತಲ್ಲೇ ನನಗೆ — ಅದೇ ಕೊನೆಯ ಮಾತು, ಆಮೇಲೆ ಅಂಗಡಿಗೆ ಹೋಗಿ ಎದುರಿಗೇ ನಿಂತರೂ ಟಕಟಕ, ಚಕ್ರ ನಿಲ್ಲಲಿಲ್ಲ. ಈಗ ಅಕ್ಕ ಫೋನ್ ಎತ್ತಿದಳು, ರಿಂಗ್ ನಿಂತಿದ್ದರಿಂದ ಎತ್ತಿದ್ದು ತಿಳಿಯಿತು, ಮುಂದೆ ಸದ್ದಿಲ್ಲ, ಅಕ್ಕಾ, ನಾನು, ನಿನ್ನ ಮಾತು ನನಗೆ ಕೇಳಿಸ್ತಿಲ್ಲ, ನನ್ನದು ನಿನಗೆ ಕೇಳಿಸುತ್ತೆ, ಇಲ್ಲಿ ಪೆಟ್ಟಿಗೆ ಕೆಟ್ಟಿದೆ — ಹೊಸ ಮನೇಲಿ ಕಿಟಕಿಗೆ ಪರದೆ ಇಲ್ಲ ಕಣೆ, ಬೆಳಗಾದ್ರೆ ಬಿಸಿಲು ಕಣ್ಣಿಗೇ ಹೊಡೆಯುತ್ತೆ, ತಪ್ಪಾಯ್ತಕ್ಕ, ಎಂದವಳೇ ಇಟ್ಟುಬಿಟ್ಟಳು.

ಇನ್ನು ಕೆಲಸ, ಲ್ಯಾಪ್‌ಟಾಪಿನಲ್ಲಿ ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ನ್ಯಾಟ್ ಪುಟ, ಹೊರಗಿನ ವಿಳಾಸ ಎಂಬ ಕಡೆ ಖಾಲಿ, ಹಿಂದೆ ಕೂರಿಸಿ ಹೋದ ಪುಣ್ಯಾತ್ಮ ಅದೊಂದನ್ನು ಮರೆತಿದ್ದಾನೆ, ಅಂಕಿ ಚುಕ್ಕಿ ಅಂಕಿ ತುಂಬಿದಳು, ಮಾತು ಬರುವ ದಾರಿಯನ್ನು ರೂಟರಿನಲ್ಲೂ ತೆರೆದಳು, ಸೇವ್ ಒತ್ತಿದರೆ ಮುಗಿಯಿತು, ಬೆರಳು ಒತ್ತುವುದಿಲ್ಲ, ಈಗಿನ ಮೌನವನ್ನು ಪೆಟ್ಟಿಗೆಯ ತಲೆಗೆ ಕಟ್ಟಬಹುದು, ಸರಿಮಾಡಿದ ಮೇಲೂ ಮೌನವಾದರೆ ಅದು ಅಕ್ಕನದೇ, ಭಯವಾಗುತ್ತದೆ, ಇಷ್ಟು ವಯಸ್ಸಾದರೂ ಅಕ್ಕನ ಭಯ — ಒತ್ತಿದಳು. ದೀಪ ಆರಿ ಹತ್ತಿತು. ಅದೇ ನಂಬರ್, ರಿಂಗಾಗುತ್ತಿದೆ, ಎತ್ತಿದಳು, ಟಕಟಕಟಕ, ಕೇಳಿಸುತ್ತಿದೆ, ಮೇಲಿನ ಹುಡುಗಿಗೆ ಹೇಳಬೇಕು, ಕತ್ತರಿ ಮೇಜಿಗೆ ತಾಗಿದ್ದೂ ಕೇಳಿಸಿತು, ಟಕಟಕ, ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ತುಳಿಯುತ್ತಲೇ ಇದ್ದಾಳೆ, ನಿಲ್ಲಿಸುವುದಿಲ್ಲ ಇವಳು, ಅಕ್ಕಾ, ಟಕಟಕ, ಅಕ್ಕಾ, ಟಕ — ನಿಂತಿತು. ಕಿಟಕಿ ಎಷ್ಟು ಅಗಲ? ಅಕ್ಕನ ದನಿ. ಅಗಲ, ಅಡುಗೆಮನೆಯದು ಚಿಕ್ಕದು, ಮಲಗುವ ಕೋಣೆಯದು, ಯಾರು ಅಳೆದಿದ್ದಾರೆ, ಹೇಳು, ಏನಾದರೂ ಹೇಳು, ಚಕ್ರದ ಮೇಲೆ ಅಕ್ಕನ ಅಂಗೈ, ಚಕ್ರದ ಮೇಲೆ ಅಂಗೈ